ಅಣ್ಣ ಹಾಕಿದ ಪಾಲು, ತಮ್ಮ ಆರಿಸಿದ ಬಾವಿ

ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ವೀರೇಂದ್ರನಿಗೆ ಜರ್ಮನಿಯ ಹಳೆಯ ರಾಜಮನೆತನಗಳೆಲ್ಲ ಬಾಯಿಪಾಠ. ಒಡಹುಟ್ಟಿದ ತಮ್ಮ ಮೈಲೇಶನ ಮನಸ್ಸು ಮಾತ್ರ ಎಳ್ಳಷ್ಟೂ ತಿಳಿದಿರಲಿಲ್ಲ. ಓದಿದವರ ಹಣೆಬರಹವೇ ಇಷ್ಟು!

ಶನಿವಾರ ತರಗತಿಯಲ್ಲಿ ಸ್ಯಾಕ್ಸನಿಯ ಅಣ್ಣತಮ್ಮಂದಿರ ಪಾಠ ಮಾಡಿದ್ದ. ಅವರಪ್ಪನೂ ಚಿಕ್ಕಪ್ಪನೂ ಐದು ವರ್ಷ ಬಡಿದಾಡಿ, ಒಬ್ಬರ ಊರನ್ನು ಒಬ್ಬರು ಸುಟ್ಟಿದ್ದರು. ಮಕ್ಕಳ ಕಾಲಕ್ಕೆ, ೧೪೮೫ರಲ್ಲಿ, ಅಣ್ಣ ಅರ್ನ್‌ಸ್ಟ್ ರಾಜ್ಯವನ್ನು ಎರಡು ಪಾಲು ಮಾಡಿದ, ತಮ್ಮ ಆಲ್ಬ್ರೆಕ್ಟ್ ಆರಿಸಿದ. ಅಣ್ಣ ಆಸೆಪಟ್ಟಿದ್ದ ಪಾಲನ್ನೇ ತಮ್ಮ ಎತ್ತಿಕೊಂಡ. "ಪೆದ್ದ ಅಣ್ಣ!" ಎಂದು ವೀರೇಂದ್ರ ನಕ್ಕಿದ್ದ, ಮಕ್ಕಳೂ ನಕ್ಕಿದ್ದರು.

ಭಾನುವಾರ ಕಾಗಿನೆಲೆಯ ಆಚೆಗಿನ ಹೊಲದಲ್ಲಿ ಅವನ ಮನೆಯದೇ ಪಾಲು. ಊರ ವಾಡಿಕೆಯೂ ಅದೇ: ಹಿರಿಯ ಪಾಲು ಹಾಕಬೇಕು, ಕಿರಿಯ ಆರಿಸಬೇಕು. ವೀರೇಂದ್ರ ಒಂದು ಕಡೆ ಐದೆಕರೆ ಒಣಭೂಮಿ ಇಟ್ಟ, ಇನ್ನೊಂದು ಕಡೆ ಬಾವಿಯಿರುವ ಎರಡೆಕರೆ. ತಮ್ಮ ಹೊಲದಾಸೆಯವನು, ಐದೆಕರೆಗೆ ಬಾಯಿ ಬಿಡುತ್ತಾನೆ, ಬಾವಿ ತನಗೇ ಉಳಿಯುತ್ತದೆ ಎಂಬ ಲೆಕ್ಕಾಚಾರ. ಬಾವಿಯ ಪಕ್ಕ ಮನೆ ಕಟ್ಟುವ ಕನಸು ಹತ್ತು ವರ್ಷದ್ದು.

ಮೈಲೇಶ ಟ್ರ್ಯಾಕ್ಟರಿನಲ್ಲಿ ಹೊಸ ಪೈಪಿನ ದೊಡ್ಡ ಸುರುಳಿ ತಂದು ಬದುವಿನ ಮೇಲೆ ಇಳಿಸಿದ್ದ. ಬಾವಿಯ ಮೇಲೆ ಕಣ್ಣಿಟ್ಟೇ ತಂದಿದ್ದಾನೆ ಎಂದುಕೊಂಡ ವೀರೇಂದ್ರ.

"ಬಾವಿ ಇರೋ ಎರಡೆಕರೆ ನನಗಿರಲಿ," ಎಂದ ಮೈಲೇಶ.

"ಏನಂದಿ? ಯಾರು ಕಲಿಸಿಕೊಟ್ರೋ ನಿನಗ?"

"ಯಾರೂ ಕಲಿಸಿಲ್ಲಣ್ಣ. ಆರಿಸು ಅಂದಿ, ಆರಿಸೀನಿ."

ಪಾಲಿಗೆ ಸಾಕ್ಷಿಯಾಗಿ ಬಂದಿದ್ದ ಪಂಚರ ಪೈಕಿ ಹಿರಿಯನಾದ ಹಾಲೇಶಪ್ಪ ಕೈಯೆತ್ತಿದ. "ಮುಗೀತಲ್ಲಪಾ ವೀರೇಂದ್ರ. ಗಡಿಗಲ್ಲು ಹುಗೀರಿ ಇನ್ನ."

"ಎಲ್ಲಿ ಮುಗೀತರಿ? ಪೈಪು ಹೊತಗೊಂಡ ಬಂದಾನ, ಕಳ್ಳ! ಒಣಾ ನೆಲ ನನ್ನ ತಲಿಗೆ ಕಟ್ಟಾಕ ಮೊದಲ ಠರಾಯಿಸ್ಯಾನ!"

ವೀರೇಂದ್ರ ತಮ್ಮನ ಕೆನ್ನೆಗೆ ಬಾರಿಸಿದ. ಮೈಲೇಶ ಒಂದೇಟು ತಿಂದ, ಎರಡನೆಯದಕ್ಕೆ ಅಣ್ಣನ ಅಂಗಿ ಹಿಡಿದು ನೆಲಕ್ಕೆ ಕೆಡವಿದ. ಇಬ್ಬರೂ ಮಣ್ಣಿನಲ್ಲಿ ಉರುಳಾಡಿದರು. ವೀರೇಂದ್ರನ ಹಲ್ಲು ಮುರಿದು ಬಾಯಿ ತುಂಬ ರಕ್ತ. ಹಾಲೇಶಪ್ಪ ಬಿಡಿಸಲು ಬಂದರೆ ಅವನ ಎದೆಗೂ ಒದೆ ಬಿತ್ತು. ವೀರೇಂದ್ರನ ಕೈಗೆ ಸಿಕ್ಕಿದ್ದು ಗಡಿಗಲ್ಲಿನ ಗುಂಡಿ ತೋಡಲು ತಂದಿದ್ದ ಸಲಿಕೆ. ಮೈಲೇಶ ಏಳುತ್ತಿದ್ದಂತೆಯೇ ವೀರೇಂದ್ರ ಬೀಸಿದ. ಒಮ್ಮೆ ಬೀಸಿ ಸುಮ್ಮನಾಗಬಾರದಿತ್ತೇ? ಪಾಪಿ, ಮತ್ತೊಮ್ಮೆ ಬೀಸಿದ. ತಲೆ ಒಡೆದು ರಕ್ತ ಕಪ್ಪು ಮಣ್ಣಿಗೆ ಇಳಿಯಿತು.

ಬಿದ್ದವನನ್ನು ಅದೇ ಅಣ್ಣ ಎತ್ತಿ ತೊಡೆಯ ಮೇಲೆ ಹಾಕಿಕೊಂಡ. ಪಂಚರಲ್ಲೊಬ್ಬ ಓಡಿಸುತ್ತಿದ್ದ ಟ್ರ್ಯಾಕ್ಟರು ಕಾಗಿನೆಲೆಯ ದಾರಿಯಾಗಿ ಹಾವೇರಿಯ ಆಸ್ಪತ್ರೆಗೆ ಓಡುತ್ತಿತ್ತು.

"ಅಣ್ಣ, ಪೈಪು ನಿನ್ನ ಹೊಲಕ್ಕ ತಂದಿದ್ದೆ," ಎಂದ ಮೈಲೇಶ. "ಮೋಟಾರು ನೋಡ್ಕೊಳ್ಳಾಕ ನಿನಗ ಆಗಂಗಿಲ್ಲ. ಅದಕ್ಕ ಬಾವಿ ನಾನ ಇಟಗೊಂಡೆ. ನೀರು ಇಬ್ಬರಿಗೂ ಸಾಲ್ತೈತಿ."

"ಲೇ, ಮೊದಲ ಯಾಕ ಹೇಳಲಿಲ್ಲೋ!"

ಕಾಗಿನೆಲೆ ದಾಟುವಷ್ಟರಲ್ಲಿ ಮೈಲೇಶನ ಉಸಿರು ನಿಂತಿತ್ತು. ವೀರೇಂದ್ರ ಬಾಯಿ ಬಡಿದುಕೊಂಡು ಅತ್ತ.

ಸಂಜೆ ಪಂಚನಾಮೆಗೆ ಪೊಲೀಸರು ಅವನನ್ನು ಹೊಲಕ್ಕೆ ಕರೆತಂದರು. ಪೈಪಿನ ಸುರುಳಿ ಐದೆಕರೆಯ ಬದುವಿನ ಮೇಲೆ ಹಾಗೇ ಬಿದ್ದಿತ್ತು. ಬರೆದುಕೊಳ್ಳುತ್ತಿದ್ದ ಪೇದೆ ಕೇಳಿದ.

"ಬಾವಿ ಯಾರ ಪಾಲಿಂದ್ರಿ?"

"ನನ್ನ ತಮ್ಮಂದ್ರಿ," ಎಂದ ವೀರೇಂದ್ರ.