ಗೋಡೆಯ ಮೇಲಿನ ಗಾದಿ

ಕುತ್ತಿಗೆಯ ಹಿಂದೆ ಚಿಮುಕಿಸಿದ ನೀರು ತಣ್ಣಗೆ ಬೆನ್ನಿಗಿಳಿಯಿತು, ಕಮರುದ್ದೀನನ ಕ್ಷೌರದ ಖುರ್ಚಿಯಲ್ಲಿ ಮಾಲತೇಶ ಕಣ್ಣು ಮುಚ್ಚಿದ — ಅವನ ಮನೆ ಟಿವಿಯಲ್ಲಿ ಬಂದ ಆ ಭಾನುವಾರ ಉಣಕಲ್ ಕೆರೆಯ ಮೀನೆಲ್ಲ ದಂಡೆಗೆ ಬಂದು ಬಾಯಿ ತೆರೆದು ಕುಳಿತಿದ್ದವು, ರೈಲು ಮಾಳಮಡ್ಡಿಯಲ್ಲಿ ನಿಂತು, ಡ್ರೈವರ್ ಇಳಿದು ಅವನ ಕಿಟಕಿಯಲ್ಲಿ ಇಣುಕಿ ಕಾರ್ಯಕ್ರಮ ಪೂರ್ತಿ ನೋಡಿಯೇ ಮುಂದೆ ಹೋದ, ಸುಳ್ಳಾದರೆ ಕತ್ತಿ ಇಲ್ಲೇ ಇದೆ, ಗಂಟಲೂ ಇಲ್ಲೇ ಇದೆ. ಕನ್ನಡಿಯಲ್ಲಿ ಹಿಂದಿನ ಬೆಂಚು, ಬೆಂಚಿನ ತುದಿಯಲ್ಲಿ ಪಾಟೀಚೀಲ ಅಪ್ಪಿಕೊಂಡ ಮಗಳು ವಿದ್ಯಾ, ನಾಲ್ಕನೆಯ ಇಯತ್ತೆ, ಒಂಬತ್ತು ದಿನದಿಂದ ಶಾಲೆಗೆ ಹೋಗಿಲ್ಲ, ಅಲ್ಲಿ ಅವಳನ್ನು ಗಾದಿ ಎಂದೇ ಕರೆಯುತ್ತಾರಂತೆ, ಕರೆಯಲಿ, ಹೆಸರು ಬಂತಲ್ಲ, ಇವತ್ತು ಎಳೆದುಕೊಂಡು ಬಂದದ್ದಾಯಿತು, ದಾಡಿ ಮಾಡಿಸಿಕೊಂಡು ಹಾಗೇ ಬಿಟ್ಟುಬರುವುದು. ‘ತಿದ್ದುವ ತಾಯಿ’ ಕಾರ್ಯಕ್ರಮ ಎಂದರೆ ಸಾಮಾನ್ಯವೇ, ಲಕ್ಷ ಅರ್ಜಿಗಳಲ್ಲಿ ಅವನದನ್ನೇ ಆರಿಸಿ, ಬೆಂಗಳೂರಿನಿಂದ ಇಪ್ಪತ್ತು ಕ್ಯಾಮೆರಾ — ಎರಡೇ ಇರಬಹುದು — ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಹೇಳುವ ರೇಷ್ಮೆ ಸೀರೆಯ ಮೇಡಂ ಮೂರು ದಿನ ಅವನ ಮನೆಯಲ್ಲೇ ಉಂಡಳು. ಮೊದಲ ದಿನ ಅವಳ ಮುಖ ಸಪ್ಪಗಿತ್ತು, ನಿಮ್ಮ ಮಗಳಲ್ಲಿ ತಿದ್ದೋಕೆ ಏನೂ ಇಲ್ವಲ್ಲ ಸಾರ್, ನಾಳೆ ಬೆಳಿಗ್ಗೆನೂ ಹೀಗೇ ಆದ್ರೆ ಹುಬ್ಬಳ್ಳಿಯಲ್ಲಿ ಬೇರೆ ಮನೆ ನೋಡ್ತೀವಿ — ಅಷ್ಟರಲ್ಲಿ ಅವನು ಮಾಳಮಡ್ಡಿಗೆಲ್ಲ ಹೇಳಿಕೊಂಡು ಬಂದಾಗಿತ್ತು. ಬೆಳಿಗ್ಗೆ ಆರಕ್ಕೆ ಕ್ಯಾಮೆರಾ ಬಂದಾಗ ವಿದ್ಯಾ ಮಲಗಿದ್ದ ಗಾದಿ ತೊಯ್ದಿತ್ತು, ಏನು ತೊಯ್ದದ್ದು, ಹೊಳೆಯಿಂದ ಎದ್ದ ಆನೆ ಹೊರಳಿದ ಹಾಗೆ, ಹೆಂಡತಿ ಸುಮಲತಾ ಎಲ್ಲರೆದುರು ರಪ್ಪನೆ ಬಾರಿಸಿದಳು, ಎಷ್ಟ್ ದೊಡ್ಡಾಕಿ ಆಗೀದಿ, ನಾಚಿಕಿ ಬರೂದಿಲ್ಲೇನ, ಮೇಡಂ ಕೈ ಹಿಡಿದಳು, ಹೊಡೀಬೇಡಿ, ನಾಚಿಕೆಯೇ ಔಷಧಿ, ಮಗುವೇ ಹೊತ್ತುಕೊಂಡು ಹೋಗಿ ಗೋಡೆಗೆ ಹಾಕಲಿ, ಹಾಕಿದಳು, ಎರಡು ಸಲ ಜಾರಿ ಮೈಮೇಲೆ ಬಿತ್ತು, ಮೂರನೆಯ ಸಲ ನಿಂತಿತು, ರಸ್ತೆ ಕಡೆಯಿಂದಲೂ ಒಂದು ಶಾಟ್ ಬೇಕೆಂದು ಕ್ಯಾಮೆರಾದವ ಮತ್ತೆ ಇಳಿಸಿ ಹಾಕಿಸಿದ, ಗೋಡೆಯ ಮೇಲೆ ಗಾದಿ, ಗಾದಿಯ ಕೆಳಗೆ ಎರಡು ಸಣ್ಣ ಕಾಲು. ಏನವಾ ವಿದ್ಯಾ, ಗಾದಿ ಒಣಗಿತೇನು, ಕಮರುದ್ದೀನ ಕತ್ತಿ ಒರೆಸುತ್ತ ಕೇಳಿದ, ಬೆಂಚಿನವರು ನಕ್ಕರು, ಎಲ್ಲರಿಗಿಂತ ಜೋರಾಗಿ ಮಾಲತೇಶ ನಕ್ಕ, ಕೆನ್ನೆಯ ನೊರೆ ಹಾರಿತು, ಎಲ್ಲಿ ಒಣಗತೈತಿ ಕಾಕಾ, ಇನ್ನೂ ಸೋರಾಕತ್ತೈತಿ, ನಮ್ಮ ಓಣ್ಯಾಗ ಹೊಳಿ ಬಂದೈತಿ ನೋಡ್ರಿ — ಕನ್ನಡಿಯಲ್ಲಿ ಹುಡುಗಿ ತಲೆ ಎತ್ತಿದಳು, ಅಪ್ಪಾ, ನನಗ ಎಚ್ಚರ ಇತ್ತು. ಯಾವಾಗ, ಏನ್ ಎಚ್ಚರ. ನೀ ತಂಬಿಗಿ ತಂದಾಗ, ನೀರು ಬೆಚ್ಚಗಿತ್ತು, ನೀ ಟಿವ್ಯಾಗ ಬರಬೇಕಂತ ಸುಮ್ಮನ ಮಲಗಿದ್ದೆ. ಕತ್ತಿ ಗಂಟಲ ಮೇಲೆ ನಿಂತಿತು, ನಗುವೂ ನಿಂತಿತು, ಹುಡುಗಿ ಕನಸು ಕಂಡಾಳ್ರಿ ಎನ್ನಲು ಬಾಯಿ ತೆರೆದ, ಬಂದದ್ದು ಬೇರೆ, ಹೌದ್ರಿ ಕಾಕಾ, ನಾನೇ ಸುರುವಿದೆ, ಆಕಿ ಎಂದೂ ಹಾಸಿಗಿ ತೋಯಿಸಿದಾಕಿ ಅಲ್ಲ. ಹೊಳೆಯಲ್ಲ, ಆನೆಯಲ್ಲ, ಒಂದು ತಂಬಿಗೆ, ಅದೂ ಕಂಠದವರೆಗೆ ತುಂಬಿದ್ದಲ್ಲ, ತಣ್ಣೀರಾದರೆ ಎದ್ದುಬಿಟ್ಟಾಳೆಂದು ಗ್ಯಾಸ್ ಹಚ್ಚಿ ಕಾಯಿಸಿ, ಬೆರಳದ್ದಿ ನೋಡಿ, ಕೂಸಿದ್ದಾಗ ಎರೆಯುತ್ತಿದ್ದಷ್ಟೇ ಬೆಚ್ಚಗೆ — ಗೋಡೆಯ ಮೇಲೆ ಗಾದಿ, ಗಾದಿಯ ಕೆಳಗೆ ಎರಡು ಸಣ್ಣ ಕಾಲು