ಕಂಬಿ ಹಿಡಿದ ಅಂಗೈ

ಮತ್ತೆ ಎದ್ದು ನಿಂತಳು, ತೊಟ್ಟಿಲ ಕಬ್ಬಿಣದ ಕಂಬಿ ಕಿರ್ ಎಂದಿತು, ನೋಡದೆಯೇ ಗೊತ್ತು, ಎರಡೂ ಮುಷ್ಟಿ ಕಂಬಿಯ ಮೇಲೆ, ಕಣ್ಣು ಅರ್ಧ ಮುಚ್ಚಿದೆ, ಮೊಣಕಾಲು ನಡುಗುತ್ತಿದೆ, ಧೃತಿಗೆ ಒಂಬತ್ತು ತಿಂಗಳು, ನಿಲ್ಲುವುದು ಬಂದು ವಾರವಾಯಿತು, ನಿಂತಲ್ಲಿಂದ ಕೂರುವುದು ಬಂದಿಲ್ಲ, ನಿದ್ದೆ ಎಳೆದರೂ ಕೆಳಗಿಳಿಯುವ ದಾರಿ ತಿಳಿಯದೆ ನಿಂತೇ ಅಳುತ್ತಾಳೆ — ಅಳಲಿ, ಇನ್ನು ನಾಲ್ಕು ಹುರುಳಿಕಾಯಿಯ ನಾರು ತೆಗೆಯುವಷ್ಟು ಹೊತ್ತು, ಇವಳಮ್ಮ ಅಕ್ಷಯಾಗೆ ಇವತ್ತು ಎರಡನೇ ಶನಿವಾರ, ಬ್ಯಾಂಕಿಗೆ ರಜೆ, ಅವಳ ಕಿವಿಗೂ ಬೀಳಲಿ. ಅತ್ತೆ, ಬೇಗ ಬನ್ನಿ, ನನ್ನ ಕೈಲಾಗಲ್ಲ ಇವಳನ್ನ ಮಲಗಿಸೋಕೆ. ಹಾಂ, ಬಂತು ಆ ಮಾತು. ನಾನು ಎತ್ತಿ ಹೆಗಲಿಗೆ ಹಾಕಿಕೊಂಡರೆ ಐದು ನಿಮಿಷದಲ್ಲಿ ನಿದ್ದೆ, ಅಲಮೇಲತ್ತೆ ಇಲ್ದಿದ್ರೆ ನಮ್ಮ ಗತಿ ಏನು ಅನ್ನುತ್ತಾಳೆ, ಆ ಒಂದು ಮಾತಿನ ಮೇಲೇ ಈ ಬಸವನಗುಡಿ ಮನೆಯಲ್ಲಿ ನನ್ನ ಹಾಸಿಗೆ ನಿಂತಿದೆ. ಅವಳ ಗಂಡ, ನನ್ನ ಅಣ್ಣನ ಮಗ ವಂಶಿ, ಒಳ್ಳೆಯವನೇ, ಮೊನ್ನೆ ಊಟಕ್ಕೆ ಕೂತು ಹೇಳಿದ, ಗಾಂಧಿ ಬಜಾರ್ ಹಿಂದೆ ರುದ್ರಾಣಿ ಅಂತ ಒಬ್ರು ಮಕ್ಕಳನ್ನ ನೋಡ್ಕೋತಾರೆ, ಮಧ್ಯಾಹ್ನ ತಾನೇ ಮಲಗೋ ಮಗುನ ಮಾತ್ರ ತಗೋತಾರಂತೆ, ಇವಳು ಸರಿಹೋದ್ರೆ ನಿಮಗೂ ರೆಸ್ಟು, ಅಕ್ಕಿಪೇಟೆಗೆ ಹೋಗಿ ಆರಾಮಾಗಿರಿ. ಆರಾಮು! ಅಕ್ಕಿಪೇಟೆಯ ಮೈದುನನ ಮನೆಯ ಅಟ್ಟ, ಮೂಟೆಗಳ ಸಂದಿಯಲ್ಲಿ ಚಾಪೆ, ಎರಡನೇ ಸಲ ಅನ್ನ ಹಾಕಿಕೊಂಡರೆ ಓರಗಿತ್ತಿ ಪಾತ್ರೆ ಕುಕ್ಕುತ್ತಾಳೆ. ಸರಿಮಾಡುವುದೇನು ದೊಡ್ಡದು, ಓರಗಿತ್ತಿಯ ಏಳು ಮಕ್ಕಳು ಈ ತೊಡೆಯ ಮೇಲೆಯೇ ಬೆಳೆದವು, ಹಗಲು ಆಡುವಾಗ ನೆಲದ ಮೇಲೊಂದು ಗಿಲಕಿ ಇಟ್ಟು, ಮೊಣಕಾಲಿನ ಹಿಂದೆ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ಮಡಿಸಿ ಕೂರಿಸಬೇಕು, ದಿನಕ್ಕೆ ಹತ್ತು ಸಲ, ನಾಲ್ಕು ದಿನ, ಆಮೇಲೆ ತಾನೇ ಕೂರುತ್ತದೆ, ತಾನೇ ಮಲಗುತ್ತದೆ. ಹೂವಿನ ಸಿದ್ದಮ್ಮ ಬಾಗಿಲಲ್ಲಿ ಗೋಳಾಡಿದಾಗ, ಮೊಮ್ಮಗ ನಿಂತ್ಕೊಂಡೇ ಅಳ್ತಾನೆ ಕಣ್ರಮ್ಮ ಅಂತ, ಅವಳು ಮಲ್ಲಿಗೆ ಮೊಳ ಹಾಕಿ ಮುಗಿಸುವುದರೊಳಗೆ ಹೇಳಿಕೊಟ್ಟೆ, ಪಾಪ ಅನ್ನಿಸಿತು. ಧೃತಿಗೆ ಕಲಿಸಲಿಲ್ಲ. ಬೆಳಿಗ್ಗೆ ನೀರು ಹಾಕುವಾಗ ನೋಡಿದೆ, ಎರಡೂ ಅಂಗೈಗೆ ಅಡ್ಡಲಾಗಿ ಒಂದೊಂದು ಕೆಂಪು ಗೆರೆ, ಕಂಬಿಯದು, ಕೊಬ್ಬರಿ ಎಣ್ಣೆ ಸವರಿದೆ, ಏನತ್ತೆ ಇದು ಅಂದಳು ಅಕ್ಷಯಾ, ಗಿಲಕಿ ಒತ್ತಿರಬೇಕು ಕಣೇ ಅಂದೆ, ನಾಲಿಗೆ ತಡವರಿಸಲೂ ಇಲ್ಲ.

ಬಾಗಿಲ ಗಂಟೆ — ಯಾರು ಈ ಬಿಸಿಲಲ್ಲಿ, ಅತ್ತೆ, ರುದ್ರಾಣಿಯವರು, ನಾನೇ ಬರಹೇಳಿದ್ದೆ ಅಂದಳು ಅಕ್ಷಯಾ, ನನಗೆ ಹೇಳಿರಲಿಲ್ಲ, ನನಗ್ಯಾಕೆ ಹೇಳುತ್ತಾರೆ. ದಪ್ಪ ಹೆಂಗಸು, ಹೆಗಲ ಚೀಲ ಇಳಿಸದೆ ನೇರ ತೊಟ್ಟಿಲಿಗೇ ಹೋದಳು, ಏನೇ ಬಂಗಾರಿ, ಪೊಲೀಸಿನ ಹಾಗೆ ನಿಂತ್ಬಿಟ್ಟಿದೀಯಾ, ಡ್ಯೂಟಿನಾ, ಅವಳ ಹೆಬ್ಬೆರಳು ಮೊಣಕಾಲಿನ ಹಿಂದೆ ಹೋಯಿತು, ನನ್ನ ಕೈಯ ಹುರುಳಿಕಾಯಿ ನಿಂತಿತು, ಮಗು ಧೊಪ್ಪೆಂದು ಕೂತಿತು, ಬೆರಗಾಯಿತು, ಮತ್ತೆ ಎದ್ದಿತು, ಮತ್ತೆ ಹೆಬ್ಬೆರಳು, ಮೂರು, ನಾಲ್ಕು, ಐದನೆಯ ಸಲ ಏಳಲಿಲ್ಲ, ವಾರದ ನಿದ್ದೆಯೆಲ್ಲ ಒಟ್ಟಿಗೆ ಬಂದ ಹಾಗೆ ಒರಗಿತು. ಅಯ್ಯೋ, ಇಷ್ಟೇನಾ ಅಂದಳು ಅಕ್ಷಯಾ. ಇಷ್ಟೇ ಕಣ್ರೀ, ನಂಗೂ ಗೊತ್ತಿರ್ಲಿಲ್ಲ, ನಮ್ಮನೆಗೆ ಹೂ ಕೊಡೋ ಸಿದ್ದಮ್ಮ ಹೇಳ್ಕೊಟ್ಳು, ಅವಳಿಗೆ ಕಲಿಸಿದ್ದು ನಿಮ್ಮ ಅಲಮೇಲಮ್ಮನೇ ಅಂತೆ, ಇಂಥವ್ರನ್ನ ಮನೇಲೇ ಇಟ್ಕೊಂಡು ನನ್ನ ಯಾಕ್ರೀ ಕರೆದ್ರಿ — ನಗುತ್ತಾಳೆ ಪುಣ್ಯಾತ್ಗಿತ್ತಿ, ಬಾಯ್ತುಂಬ ಹೊಗಳುತ್ತಾಳೆ, ನಾನೂ ನಗಬೇಕು. ಅಕ್ಷಯಾ ನಗುತ್ತಿಲ್ಲ. ನನ್ನ ಕಡೆ ತಿರುಗುತ್ತಲೂ ಇಲ್ಲ, ಬೈಯಲಿ, ಒಂದು ಮಾತು ಬೈದುಬಿಡಲಿ, ಇಲ್ಲ, ತೊಟ್ಟಿಲ ಪಕ್ಕ ಕೂತಳು, ಮಲಗಿದ ಮಗುವಿನ ಮುಷ್ಟಿ ಹಿಡಿದಳು, ಬಿಡಿಸುತ್ತಿದ್ದಾಳೆ, ಕಿರುಬೆರಳು, ಅದರ ಪಕ್ಕದ್ದು, ನಡುವಿನದು, ಅಂಗೈಗೆ ಅಡ್ಡಲಾಗಿ, ಎಣ್ಣೆಯಲ್ಲಿ ಹೊಳೆಯುತ್ತಾ, ಆ ಕೆಂಪು ಗೆರೆ