ಪೂಜೆಗಿಟ್ಟ ಕೀಲಿಕೈ

“ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ಕಳ್ಳ ಆಗ್ದೆ ಡಿಸಿ ಆಗ್ತಾನಾ?”

ಗುರುಪ್ರಕಾಶ್ ನನ್ನನ್ನು ಆಫೀಸ್ ರೂಮಿಗೆ ಕರೆದು ಇದನ್ನು ಹೇಳಬಹುದಿತ್ತು. ಹೇಳಿದ್ದು ಮರಳೂರಿನ ಗೋಡೌನಿನ ನಟ್ಟನಡುವೆ, ಪುಡಿ ತುಂಬುತ್ತಿದ್ದ ಹದಿಮೂರು ಹೆಂಗಸರ ಮುಂದೆ. ಕವರಿಗೆ ಸೀಲ್ ಹಾಕುವ ಮೆಷಿನ್ ನಿಂತಿತು. ಪಾರ್ಸಲ್ ಒಯ್ಯಲು ಬಂದಿದ್ದ ಕೊರಿಯರ್ ಡ್ರೈವರ್ ಕಿಸಕ್ಕನೆ ನಕ್ಕ. ಒಬ್ಬ ಹೆಂಗಸು ಪಕ್ಕದಲ್ಲಿಟ್ಟಿದ್ದ ತನ್ನ ಫೋನನ್ನು ಮೆಲ್ಲಗೆ ಎತ್ತಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಡ್ರೈವರನ ನಗುವಿಗಿಂತ ಆ ಜಿಪ್ಪಿನ ಸದ್ದು ನನ್ನ ಮೈ ಉರಿಸಿತು.

ಯಾಕೆಂದರೆ ನನ್ನ ಹೊಟ್ಟೆಪಾಡೇ ಬೇರೆಯವರ ಫೋನು. ಗುಬ್ಬಿ ಬಸ್‌ಸ್ಟ್ಯಾಂಡ್ ಪಕ್ಕ ಮೊಬೈಲ್ ರಿಪೇರಿಯ ಕೌಂಟರ್ ಇಟ್ಟಿದ್ದೇನೆ. ಡಿಸ್‌ಪ್ಲೇ ಒಡೆದವರು, ಚಾರ್ಜ್ ಏರದವರು ಬಂದು ಫೋನ್ ಕೊಟ್ಟು, ಲಾಕ್ ನಂಬರನ್ನೂ ಬಾಯಲ್ಲೇ ಹೇಳಿ ಸಂತೆಗೆ ಹೋಗಿಬಿಡುತ್ತಾರೆ. ಅದರೊಳಗೆ ಅವರ ಬ್ಯಾಂಕ್ ಇರುತ್ತದೆ, ಮನೆಯ ಜಗಳ ಇರುತ್ತದೆ, ಹೆಂಡತಿಗೆ ಗೊತ್ತಿಲ್ಲದ ನಂಬರೂ ಇರುತ್ತದೆ. ನಾಲ್ಕು ವರ್ಷದಲ್ಲಿ ಒಬ್ಬರ ಫೋಟೋವನ್ನೂ ನಾನು ತೆರೆದು ನೋಡಿಲ್ಲ. ಭೀಮರಾಜನ ಕೈಗೆ ಕೊಟ್ಟರೆ ಭಯವಿಲ್ಲ ಅನ್ನುವ ಒಂದು ಮಾತಿನ ಮೇಲೆ ಆ ಕೌಂಟರ್ ನಿಂತಿದೆ. ಈ ಹದಿಮೂರು ಜನರಲ್ಲಿ ಐವರು ದಿನವೂ ಗುಬ್ಬಿಯಿಂದಲೇ ಬಸ್ಸಿಗೆ ಬರುವವರು. ಸಂಜೆ ಆರಕ್ಕೆ ಅವರು ಬಸ್ಸಿಳಿದರೆ ಆರೂಕಾಲಿಗೆ ಇಡೀ ಗುಬ್ಬಿಗೆ ನಾನು ಕಳ್ಳ. ನಾಳೆಯಿಂದ ಫೋನ್ ಯಾರು ಕೊಡುತ್ತಾರೆ?

ಇದು ‘ಕಲ್ಲಮ್ಮಜ್ಜಿ ಪುಡಿ’ ಅನ್ನುವ ಕಂಪನಿ. ಚಟ್ನಿಪುಡಿ, ಸಾರಿನಪುಡಿ, ಹುರುಳಿಪುಡಿ. ಅಂಗಡಿ ಗಿಂಗಡಿ ಇಲ್ಲ, ಮಾರುವುದೆಲ್ಲ ಆನ್‌ಲೈನ್ ಸೈಟಿನಲ್ಲಿ. ಯಜಮಾನರು ರೇಣುಕಾಪ್ರಸಾದ್. ಪೊಟ್ಟಣದ ಮೇಲೆ ನಗುವ ಅಜ್ಜಿ ಅವರ ತಾಯಿ ಕಲ್ಲಮ್ಮ. ಆಯಮ್ಮ ಒಲೆ ಮುಂದೆ ಕೂರುವುದನ್ನು ಬಿಟ್ಟು ಹದಿನೈದು ವರ್ಷವಾಗಿದೆ. ಹುರಿಯುವುದು, ಪುಡಿ ಮಾಡುವುದು, ಸೀನುವುದು ಗೂಳೂರಿನ, ಗುಬ್ಬಿಯ ಹೆಂಗಸರು. ಸೈಟಿನವರು ವಾರಕ್ಕೊಮ್ಮೆ ಮಾರಾಟದ ದುಡ್ಡನ್ನು ಕಂಪನಿಯ ಖಾತೆಗೆ ಹಾಕುತ್ತಾರೆ. ಈ ವಾರವೂ ಹಾಕಿದ್ದಾರೆ, ಆದರೆ ಯಾರೋ ಇವರ ಹೆಸರಿನಲ್ಲಿ ಸೈಟಿನೊಳಗೆ ಹೊಕ್ಕು ಖಾತೆಯ ನಂಬರನ್ನೇ ಬದಲಾಯಿಸಿಟ್ಟಿದ್ದಾರೆ. ದೀಪಾವಳಿ ವ್ಯಾಪಾರದ ಮೂರು ಲಕ್ಷ ಎಂಬತ್ತು ಸಾವಿರ ಗುರುತಿಲ್ಲದವನ ಪಾಲಾಗಿದೆ.

ಹೊಕ್ಕವನು ಬೀಗ ಒಡೆದಿಲ್ಲ. ಸರಿಯಾದ ಪಾಸ್‌ವರ್ಡ್ ಹಾಕಿದ್ದಾನೆ. ಅದಾದ ಮೇಲೆ ಸೈಟು ಕೇಳುವ ಆರು ಅಂಕಿಯ ಕೋಡನ್ನೂ ಸರಿಯಾಗಿ ಹಾಕಿದ್ದಾನೆ. ಆ ಕೋಡ್ ತೋರಿಸುವ ಆ್ಯಪ್ ಇರುವುದು ಎರಡೇ ಫೋನಿನಲ್ಲಿ, ಯಜಮಾನರದ್ದು ಮತ್ತು ಅವರ ಅಳಿಯ ಗುರುಪ್ರಕಾಶನದ್ದು. ಆಗಸ್ಟ್ ತಿಂಗಳಲ್ಲಿ ಎರಡಕ್ಕೂ ಅದನ್ನು ಹಾಕಿಕೊಟ್ಟವನು ನಾನು. ಆದ್ದರಿಂದ ಕಳ್ಳ ನಾನೇ. ಎಂಬಿಎ ಓದಿದವನ ತಲೆ ಇಷ್ಟು ಚುರುಕು.

ಗುರುಪ್ರಕಾಶ್ ಕುಣಿಗಲ್ಲಿನವನು. ಎಂಬಿಎ ಮಾಡಿದ್ದನ್ನು ದಿನಕ್ಕೆರಡು ಸಲ ನೆನಪಿಸುತ್ತಾನೆ. ಎರಡು ಗಂಟೆಯ ಆನ್‌ಲೈನ್ ಕ್ಲಾಸ್ ಕೇಳಿದ್ದಕ್ಕೆ ಕೊಟ್ಟ ಸೈಬರ್ ಸೆಕ್ಯೂರಿಟಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಆಫೀಸ್ ರೂಮಿನಲ್ಲಿ ಮೊಳೆ ಹೊಡೆದಿದ್ದಾನೆ.

“ಫೋನ್ ಕೊಡ್ಲಾ ಇಲ್ಲಿ. ಎವಿಡೆನ್ಸ್ ಅದು,” ಎಂದು ನನ್ನ ಫೋನ್ ಕಿತ್ತುಕೊಂಡ. “ಸಂಜೆಯೊಳಗೆ ದುಡ್ಡು ವಾಪಸ್ ಬಂದ್ರೆ ಸರಿ. ಇಲ್ಲಾಂದ್ರೆ ಸ್ಟೇಷನ್ನು.”

ನಾನು ಅವನ ಕಡೆ ತಿರುಗಲೂ ಇಲ್ಲ. “ಯಜಮಾನ್ರೇ, ಇದು ಎಷ್ಟೊತ್ತಿಗೆ ಗೊತ್ತಾಯ್ತು ನಿಮಗೆ?”

“ಬೆಳಗ್ಗೆ ಒಂಬತ್ತಕ್ಕೆ ಕಣಪ್ಪ.”

“ಈಗ ಹನ್ನೊಂದೂವರೆ. ಒನ್ ನೈನ್ ತ್ರೀ ಝೀರೋಗೆ ಫೋನ್ ಮಾಡಿದ್ರಾ?”

“ಅದ್ಯಾವ್ದು?”

ಸೈಬರ್ ಕಳ್ಳತನಕ್ಕೆಂದು ಸರ್ಕಾರ ಇಟ್ಟಿರುವ ನಂಬರ್. ಬೇಗ ಹೇಳಿದರೆ ದುಡ್ಡು ಮುಂದಕ್ಕೆ ಜಾರುವ ಮುಂಚೆ ತಡೆಯಬಹುದು. ಇದು ನನ್ನ ಕೌಂಟರಿಗೆ ಬರುವ ಹೈಸ್ಕೂಲ್ ಹುಡುಗಿಯರಿಗೂ ಗೊತ್ತು. ಕಟ್ಟು ಹಾಕಿಸಿದ ಸರ್ಟಿಫಿಕೇಟಿನವನು ಮೇಲೆ ಫ್ಯಾನ್ ನೋಡಿದ. ಎರಡೂವರೆ ಗಂಟೆಯಲ್ಲಿ ಇವರು ಕಳ್ಳನನ್ನು ಹಿಡಿಯಲು ಮಾಡಿದ ಘನಕಾರ್ಯವೆಂದರೆ, ಪ್ರಿಂಟರ್ ಕೆಟ್ಟಿದೆ ಬಾರೋ ಎಂದು ಸುಳ್ಳು ಹೇಳಿ ನನ್ನನ್ನು ಗುಬ್ಬಿಯಿಂದ ಕರೆಸಿದ್ದು.

“ನಾನ್ ಮಾಡ್ತೀನಿ,” ಎಂದು ಯಜಮಾನರ ಮಗಳು, ಗುರುಪ್ರಕಾಶನ ಹೆಂಡತಿ ಪಲ್ಲವಿ ಫೋನ್ ಹಿಡಿದು ಆಫೀಸ್ ರೂಮಿಗೆ ಓಡಿದರು. ಅವರು ಬಾಗಿಲು ತಳ್ಳಿದಾಗಲೇ ಅದು ನನ್ನ ಕಣ್ಣಿಗೆ ಬಿದ್ದದ್ದು.

ಯಡಿಯೂರಿನಿಂದ ತಂದ ಸಿದ್ಧಲಿಂಗೇಶ್ವರನ ಫೋಟೋದ ಕೆಳಗೆ, ಲ್ಯಾಮಿನೇಷನ್ ಮಾಡಿಸಿದ ಒಂದು ದೊಡ್ಡ ಹಾಳೆ ತೂಗುತ್ತಿತ್ತು. ಹಾಳೆಯ ತುಂಬ ಕಪ್ಪು ಬಿಳುಪಿನ ಚೌಕ. ಮೇಲಂಚಿನಲ್ಲಿ ಮೂರು ಬೆರಳಿನ ವಿಭೂತಿ, ಕುಂಕುಮದ ಬೊಟ್ಟು, ಒಣಗಿ ಕರಕಲಾದ ಚೆಂಡುಹೂವು.

ಆ ಚೌಕವನ್ನು ನಾನು ಬಲ್ಲೆ. ಆ್ಯಪ್ ಹಾಕುವ ದಿನ ಸೈಟಿನವರು ಪರದೆಯ ಮೇಲೆ ತೋರಿಸುವ ಚೌಕ. ನೋಡಲು ಅಂಗಡಿಯವರು ದುಡ್ಡಿಗೆ ಇಡುವ ಕ್ಯೂಆರ್ ಹಾಗೆಯೇ ಇರುತ್ತದೆ, ಆದರೆ ಒಳಗಿರುವುದು ಒಂದು ಗುಟ್ಟಿನ ಸಂಖ್ಯೆ. ಅದರ ಒಂದು ಪ್ರತಿ ಸೈಟಿನವರ ಹತ್ತಿರ, ಇನ್ನೊಂದು ನಮ್ಮ ಫೋನಿನಲ್ಲಿ. ಎರಡೂ ಕಡೆ ಆ ಗುಟ್ಟನ್ನು ಗಡಿಯಾರದ ಹೊತ್ತಿನ ಜೊತೆ ಕಲಸಿ, ಮೂವತ್ತು ಸೆಕೆಂಡಿಗೊಮ್ಮೆ ಆರು ಅಂಕಿ ಹೊರಡುತ್ತದೆ. ಎರಡೂ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಚೌಕ ಯಾರಿಗೆ ಸಿಕ್ಕಿತೋ ಅವರ ಫೋನಿನಲ್ಲೂ ಅದೇ ಅಂಕಿ ಹೊರಡುತ್ತದೆ. “ಅಣ್ಣ, ಇದರ ಸ್ಕ್ರೀನ್‌ಶಾಟ್ ಮಾತ್ರ ಇಟ್ಕೋಬೇಡಿ,” ಎಂದಿದ್ದೆ ಆವತ್ತು. “ಗೊತ್ತು ಬಿಡೋ, ನಂಗೇ ಪಾಠ ಮಾಡ್ತೀಯಾ,” ಎಂದು ಗುರುಪ್ರಕಾಶ್ ನನ್ನೆದುರೇ ಸ್ಕ್ರೀನ್‌ಶಾಟ್ ತೆಗೆದಿದ್ದ. ಆಮೇಲೆ ಅವರೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದರು. ನನಗೆ ಪೇಪರ್ ಲೋಟ ಬಂತು.

ಫೋನ್ ಮುಗಿಸಿ ಹೊರಬಂದ ಪಲ್ಲವಿಯವರನ್ನು ಕೇಳಿದೆ. “ಪಲ್ಲವಕ್ಕ, ಗೋಡೆ ಮೇಲೆ ಅದೇನು?”

“ಅದಾ? ಆಯುಧಪೂಜೆಗೆ ಮಾಡ್ಸಿದ್ದು ಕಣೋ. ನಮ್ಮನೆಯವ್ರೇ ಕುಣಿಗಲ್‌ನಲ್ಲಿ ಪ್ರಿಂಟ್ ತೆಗೆಸ್ಕೊಂಡು ಬಂದ್ರು. ಕಂಪನಿ ಮೇನ್ ಕೀ ಇದೇ, ಇದಕ್ಕೂ ಪೂಜೆ ಆಗ್ಬೇಕು ಅಂದ್ರು.”

“ಪೂಜೆ ಫೋಟೋ ತೆಗೆದ್ರಾ?”

“ತೆಗೀದೆ ಇರ್ತಾರಾ? ನಮ್ಮ ಪೇಜಿಗೂ ಹಾಕವ್ರೆ. ಒಂಬೈನೂರು ಲೈಕ್ ಬಂದಿದೆ.”

ಪಲ್ಲವಿಯವರ ಫೋನಿನಲ್ಲೇ ಆ ಫೋಟೋ ತೆರೆಸಿದೆ. ಪುಡಿ ಮಾಡುವ ಮೆಷಿನ್ನಿಗೆ ನಿಂಬೆಹಣ್ಣು, ಲ್ಯಾಪ್‌ಟಾಪಿಗೆ ಹಾರ, ತಟ್ಟೆಯಲ್ಲಿ ಬೀರುವಿನ ಕೀಲಿಕೈ. ನಡುವೆ ಒರಗಿಸಿಟ್ಟ ಈ ಚೌಕ. ಅದರ ಮುಂದೆ ಒಂದು ರಿಜಿಸ್ಟರ್, ಮೊದಲ ಪುಟಕ್ಕೇ ತೆರೆದಿಟ್ಟದ್ದು. ನಾಲ್ಕು ಮೂಲೆಗೆ ಅರಿಶಿನ, ಮೇಲೆ ‘ಶ್ರೀ’, ಅದರ ಕೆಳಗೆ ಗುರುಪ್ರಕಾಶನ ಮುದ್ದಾದ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ, ಸೈಟಿನ ಯೂಸರ್ ಹೆಸರು ಮತ್ತು ಪಾಸ್‌ವರ್ಡ್. ಬೀರುವಿನ ಕೀಲಿಕೈಯ ಫೋಟೋ ಹಿಡಿದುಕೊಂಡು ಯಾರೂ ಬೀರು ತೆರೆಯಲಾರರು. ಈ ಚೌಕಕ್ಕೆ ಫೋಟೋವೇ ಸಾಕು, ಅದೇ ಕೀಲಿಕೈ. ಫೋಟೋದ ಕೆಳಗೆ ಯಾರೋ ‘ಸೂಪರ್ ಬ್ರದರ್, ಹಿಂಗೇ ಬೆಳೀರಿ’ ಎಂದು ಹರಸಿದ್ದರು.

ನನಗೆ ನಗು ಬಂತು. ಒಳ್ಳೆಯ ನಗುವಲ್ಲ. ಪಲ್ಲವಿಯವರಿಗೆ ಅಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಕಳ್ಳ ಅನ್ನಿಸಿಕೊಂಡದ್ದು ಗೋಡೌನಿನ ನಡುವೆ, ಅಲ್ಲೇ ಆಗಬೇಕು ಎಂದುಕೊಂಡು ಹೆಂಗಸರ ಮುಂದೆ ಹೋಗಿ ನಿಂತೆ.

“ಯಾರಾದ್ರೂ ಒಂದು ಫೋನ್ ಕೊಡಿ. ಐದು ನಿಮಿಷ. ನಿಮ್ಮ ಕಣ್ಣೆದುರೇ ನೋಡಿ ಕೊಡ್ತೀನಿ.”

ಯಾರೂ ಅಲ್ಲಾಡಲಿಲ್ಲ. ಗುರುಪ್ರಕಾಶ್ ಚಪ್ಪಾಳೆ ತಟ್ಟಿದ. “ಕೊಡ್ರಮ್ಮ ಕೊಡಿ, ಕಳ್ಳ ಕೇಳ್ತಾವ್ನೆ!”

ಕಡೆಯ ಸಾಲಿನಲ್ಲಿದ್ದ ಗುಬ್ಬಿಯ ಓಬಳಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಅರವತ್ತು ದಾಟಿದ ಹೆಂಗಸು, ಕೈಯೆಲ್ಲ ಇಂಗಿನ ವಾಸನೆ.

“ನಂದ್ರಾಗೆ ಕದಿಯಾಕೆ ಏನ್ಲಾ ಐತೆ? ನನ್ ಸೊಸೆ ಫೋಟೋ ಐತೆ. ಬೇಕಾರೆ ಅವ್ಳನ್ನೂ ತಗಂಡೋಗು, ಪುಣ್ಯ ಬತ್ತದೆ.” ಹೆಂಗಸರು ಮುಸಿಮುಸಿ ನಕ್ಕರು. ಅವಳು ಫೋನನ್ನು ನನ್ನ ಅಂಗೈಗೆ ಇಟ್ಟಳು. “ಲಾಕ್ ನಂಬರ್ ನಿಂಗೇ ಗೊತ್ತಲ್ಲ ಮಗ.”

ಓಬಳಮ್ಮನ ಫೋನಿಗೆ ಅದೇ ಆ್ಯಪ್ ಹಾಕಿದೆ. ಪಲ್ಲವಿಯವರ ಫೋನಿನಲ್ಲಿದ್ದ ಪೂಜೆಯ ಫೋಟೋಗೆ ಕ್ಯಾಮೆರಾ ಹಿಡಿದೆ. ಕುಂಕುಮದ ಸಮೇತ ಸ್ಕ್ಯಾನ್ ಆಯಿತು. ಆರು ಅಂಕಿ ಬಂದು ನಿಂತವು.

“ಯಜಮಾನ್ರೇ, ನಿಮ್ಮ ಫೋನಿನಲ್ಲಿ ಆ್ಯಪ್ ತೆಗೀರಿ. ಬಂದಿರೋ ನಂಬರ್ ಜೋರಾಗಿ ಓದಿ. ದೊಡ್ಡಮ್ಮ, ನೀನು ನಿಂದು ಓದು.”

ರೇಣುಕಾಪ್ರಸಾದ್ ಕನ್ನಡಕ ಏರಿಸಿ ಶುರುಮಾಡಿದರು. “ನಾಲ್ಕು... ಒಂದು...”

“ಏಳು, ಸೊನ್ನೆ, ಒಂಬತ್ತು, ಎಲ್ಡು,” ಎಂದು ಓಬಳಮ್ಮ ಅವರಿಗಿಂತ ಮುಂಚೆ ಮುಗಿಸಿಬಿಟ್ಟಳು. ದಿನಾ ಬಸ್ಸಿನ ನಂಬರ್ ಓದುವ ಕಣ್ಣು. “ಲೋ, ಓಯ್ತು ಓಯ್ತು, ಬ್ಯಾರೆ ಬಂತು ಕಣ್ಲಾ!”

“ಓದು ದೊಡ್ಡಮ್ಮ.”

ಮತ್ತೆ ಓದಿದರು. ಮತ್ತೆ ಒಂದೇ. ಮೂರನೇ ಸಲ ಹೆಂಗಸರೆಲ್ಲ ಎದ್ದು ಬಂದು ಎರಡೂ ಫೋನಿನ ಸುತ್ತ ನಿಂತು ಒಟ್ಟಿಗೆ ಓದಿದರು, ಮಗ್ಗಿ ಒಪ್ಪಿಸಿದ ಹಾಗೆ.

“ಪಾಸ್‌ವರ್ಡೂ ಅದೇ ಫೋಟೋದಲ್ಲಿದೆ, ಕೆಂಪು ಶಾಯಿಯಲ್ಲಿ,” ಎಂದೆ.

ಡ್ರೈವರ್ ಈಗ ನಗುತ್ತಿರಲಿಲ್ಲ. “ಅಂದ್ರೆ ಈ ಫೋಟೋ ನೋಡಿದ ಒಂಬೈನೂರು ಜನದಲ್ಲಿ ಯಾರ್ ಬೇಕಾದ್ರೂ...”

“ಒಂಬೈನೂರು ಲೈಕ್ ಹಾಕಿದವರು. ಸುಮ್ಮನೆ ನೋಡಿದವರ ಲೆಕ್ಕ ಬೇರೆ.”

ಗುರುಪ್ರಕಾಶನ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಕಣ್ಣರಳಿತು. “ನೋಡಿದ್ರಾ ಮಾವ! ಹೆಂಗ್ ಮಾಡೋದು ಅಂತ ಇವನಿಗೆ ಗೊತ್ತು! ಇದಕ್ಕಿಂತ ಪ್ರೂಫ್ ಬೇಕಾ?”

“ಅಯ್ಯೋ ಸಿವ್ನೆ,” ಎಂದು ಓಬಳಮ್ಮ ಉಸಿರೆಳೆದಳು, “ಬೋ ಓದವ್ನೆ ಬುಡವ್ವ.” ಆಗ ಎದ್ದ ನಗುವಿಗೆ ಸಾರಿನಪುಡಿ ಮೂಗಿಗೇರಿ ಇಬ್ಬರು ಕೆಮ್ಮಿದರು.

ಯಜಮಾನರು ನನ್ನ ಹೆಗಲ ಮೇಲೆ ಕೈಹಾಕಿ ಆಫೀಸ್ ರೂಮಿಗೆ ಕರೆದೊಯ್ದರು. ಬಾಗಿಲು ಹಾಕಿದರು. ಕಾಫಿ ಬಂತು, ಸ್ಟೀಲ್ ಲೋಟದಲ್ಲಿ.

“ಭೀಮ, ಆಗಿದ್ದು ಆಯ್ತು ಬಿಡಪ್ಪ. ಕಂಪ್ಲೇಂಟ್‌ನಲ್ಲಿ ನಿನ್ ಹೆಸ್ರು ಬರಲ್ಲ. ಈ ಫೋಟೋ ವಿಷ್ಯಾನೂ ಬರೋದ್ ಬೇಡ, ನೀನೂ ಎಲ್ಲೂ ಎತ್ಬೇಡ. ಹೊಸ ಪಾಸ್‌ವರ್ಡ್, ಹೊಸ ಕೋಡು ಎಲ್ಲಾ ನೀನೇ ಹಾಕ್ಕೊಡು. ತಿಂಗ್ಳಿಗೆ ಆರು ಸಾವ್ರ ಅಂತ ಮಾಡ್ಕೊಳಣ. ನೀನ್ ಕಳ್ಳ ಅಲ್ಲ ಅಂತ ನಂಗೊತ್ತಾಯ್ತಲ್ಲ.”

“ಅದೇ ಮಾತನ್ನ ಹೊರಗೆ ಬಂದು ಹೇಳಿ ಯಜಮಾನ್ರೇ. ನಿಮ್ಮ ಅಳಿಯ ನಿಂತಿದ್ದ ಜಾಗದಲ್ಲಿ.”

“ಹೆಂಗಸ್ರ ಮುಂದೆ ಅಳಿಯನ ಮರ್ಯಾದೆ ತೆಗೀಲೇನೋ?”

“ನಂದು ತೆಗೆದಿದ್ದೂ ಅವರ ಮುಂದೇನೆ.”

ಅವರು ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. “ಒಳಗೆ ಹೇಳಿದ್ನಲ್ಲಪ್ಪ...”

ಬೈಗುಳಕ್ಕೆ ಗೋಡೌನ್ ಬೇಕು, ತಪ್ಪಾಯಿತು ಅನ್ನಲು ಬಾಗಿಲು ಹಾಕಿದ ರೂಮು ಬೇಕು. ಅದಕ್ಕೆ ಆರು ಸಾವಿರ ಬಾಡಿಗೆ. ಕಾಫಿಯ ಮೇಲೆ ಕೆನೆ ಕಟ್ಟುವವರೆಗೆ ಕಾದೆ. ಅವರು ಏಳಲಿಲ್ಲ. ನಾನು ಎದ್ದೆ.

ಹೊರಗೆ ಗುರುಪ್ರಕಾಶ್ ಲ್ಯಾಪ್‌ಟಾಪ್ ಮುಂದೆ ಕೂತು, ನನ್ನ ಹಂಗೇ ಬೇಡವೆಂದು, ಹೊಸ ಪಾಸ್‌ವರ್ಡ್ ಕುಟ್ಟುತ್ತಿದ್ದ. ಅವನ ಮೊಣಕೈ ಪಕ್ಕ ಬಿದ್ದಿದ್ದ ನನ್ನ ಫೋನನ್ನು ಎತ್ತಿಕೊಂಡೆ. ಓಬಳಮ್ಮನ ಫೋನಿನಿಂದ ಆ ಆ್ಯಪನ್ನು ಅವಳೆದುರೇ ತೆಗೆದು ಹಾಕಿದೆ.

“ತೆಗೆದಿದೀನಿ ದೊಡ್ಡಮ್ಮ. ಇಲ್ಲಾಂದ್ರೆ ನಾಳೆ ಕಳ್ಳಿ ನೀನೇ ಅಂತಾರೆ.”

“ಅಂದಾನು, ಅಂದಾನು. ಸಂಜೆ ಕೌಂಟರ್ ತಾವ ಬತ್ತೀನಿ ಕಣ್ಲಾ, ಇದ್ರ ಸ್ಪೀಕರ್ ಗೊರಗೊರ ಅಂತದೆ.”

“ನಂದೂ ಚಾರ್ಜ್ ನಿಲ್ತಿಲ್ಲ ಭೀಮಣ್ಣ,” ಎಂದಳು ಪಕ್ಕದವಳು. ಜಿಪ್ ಎಳೆದವಳು ಮಾತ್ರ ತಲೆಯೆತ್ತಲಿಲ್ಲ. ಅವಳ ಬ್ಯಾಗ್ ಹಾಗೇ ಮುಚ್ಚಿತ್ತು.

ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುವಾಗ ಹಿಂದಿನಿಂದ ಗುರುಪ್ರಕಾಶನ ದನಿ ಬಂತು. ಈ ಸಲ ಗಂಟಲಿಗೆ ಜೇನು ಸವರಿದ ಹಾಗಿತ್ತು.

“ಭೀಮರಾಜ್... ಹೊಸ ಕ್ಯೂಆರ್ ಬಂದಿದೆ ನೋಡಿ ಸ್ಕ್ರೀನ್ ಮೇಲೆ. ಇದನ್ನ ಒಂದ್ ಪ್ರಿಂಟ್ ತೆಗೆದಿಟ್ರೆ ತೊಂದ್ರೆ ಇಲ್ವಾ? ಇಲ್ಲಾ ಫ್ಯಾಮಿಲಿ ಗ್ರೂಪಿಗೆ ಹಾಕಿ ಇಟ್ಕೊಳ್ಳಾ? ಯಾವುದ್ ಸೇಫು, ಹೇಳ್ರೀ.”

ನಾನು ಗುಬ್ಬಿ ಬಸ್ ನಿಲ್ಲುವ ಕಡೆಗೆ ನಡೆದೆ.